ಫುಯಾರಾ ಎಂಬ ಮರದ ಕೊಳಲು

ನಮ್ಮ ಕೊಳಲಿನ ಬಿದಿರು ಸಹಜವಾಗಿಯೇ ಟೊಳ್ಳು. ಸ್ಲೊವಾಕಿಯಾ ದೇಶದ ಕುರಿಗಾಹಿಗಳ ‘ಫುಯಾರಾ’ವಾದರೋ ಎಲ್ಡರ್ ಎಂಬ ಮರವನ್ನು ಕೈಯಿಂದ ಕೊರೆದು ಮಾಡತಕ್ಕುದು. ಇದರ ಉದ್ದ 160ರಿಂದ 200 ಸೆಂಟಿಮೀಟರು. ಬೆರಳಿಡುವ ರಂಧ್ರಗಳು ಮಾತ್ರ ಮೂರೇ! ಹಾಗಾದರೆ ಅಷ್ಟೊಂದು ಸ್ವರಗಳು ಬರುವುದೆಲ್ಲಿಂದ ಎಂದು ನಾವೂ ಮೊದಲು ಬೆರಗಾದೆವು. ಅವು ಬರುವುದು ಉಸಿರಿನಿಂದ. ಮೆಲ್ಲನೆ ಊದಿದರೆ ಮಂದ್ರಸ್ವರ. ಬಲವಾಗಿ ಊದಿದಷ್ಟೂ ಅದೇ ನಾಳದಿಂದ ಮೇಲುಮೇಲಿನ ಸ್ವರಗಳು ಹೊರಡುವುವು. ಆದುದರಿಂದ ಕಲಿಯುವವನು ಬೆರಳಿಗಿಂತ ಮೊದಲು ಶ್ವಾಸವನ್ನು ಹದಕ್ಕೆ ತರಬೇಕು. ಈ ಅಭ್ಯಾಸಕ್ಕೆ ಬೇಕಾದ ವಿರಾಮವು ಕುರಿ ಮೇಯಿಸುವವನಿಗಿದ್ದಿತು. ನಮ್ಮ ಮಕ್ಕಳಿಗೆ ಅದನ್ನು ನಾವೇ ಒದಗಿಸಬೇಕು. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಫುಯಾರಾ ವಾದ್ಯವನ್ನೂ ಅದರ ಸಂಗೀತವನ್ನೂ ಮಾನವಕುಲದ ಪರಂಪರೆಯೆಂದು ಸಾರಿತು. ಮನ್ನಣೆಯಿಂದ ಹೆಸರು ಉಳಿದೀತು. ನಾದವು ಉಳಿಯಬೇಕಾದರೆ ಮನೆಯಲ್ಲೊಬ್ಬರು ದಿನವೂ ಊದುತ್ತಿರಬೇಕು.