ಚುಕ್ಕಿಯಿಂದ ಎಳೆಗೆ: ಕತ್ತರಿಸುವ ಚಿತ್ರಕ್ಕೆ ಯಾವ ತಂತ್ರಾಂಶ?

ಶಾಲೆಯ ವಾರ್ಷಿಕೋತ್ಸವಕ್ಕೆ ಮಗಳು ನವಿಲಿನ ಚಿತ್ರ ಬರೆದಿದ್ದಾಳೆ. ಅದನ್ನು ಬಣ್ಣದ ಹಾಳೆಯಲ್ಲಿ ಕತ್ತರಿಸಿ ಗೋಡೆಗೆ ಅಂಟಿಸುವಾಸೆ. ಫೋಟೊ ತೆಗೆದು ಕಟಿಂಗ್ ಯಂತ್ರವಿರುವ ಅಂಗಡಿಗೆ ಒಯ್ದರೆ, ‘ಇದು ನಡೆಯೋಲ್ಲ, ವೆಕ್ಟರ್ ತನ್ನಿ’ ಎನ್ನುತ್ತಾರೆ. ಅದಕ್ಕೆಷ್ಟು ಖರ್ಚೋ ಎಂದು ಅಪ್ಪ-ಅಮ್ಮನಿಗೆ ಚಿಂತೆ.

ನಮ್ಮ ಅಂಗಳದ ರಂಗೋಲಿಯನ್ನೇ ನೆನೆಯಿರಿ. ಫೋಟೊ ಎಂದರೆ ಒತ್ತೊತ್ತಾಗಿ ಇಟ್ಟ ಲಕ್ಷಾಂತರ ಬಣ್ಣದ ಚುಕ್ಕಿಗಳು. ವೆಕ್ಟರ್ ಎಂದರೆ ಎಳೆ. ಯಂತ್ರದ ಬ್ಲೇಡು ಸಾಗಲು ದಾರಿ ಬೇಕು. ಆ ದಾರಿ ಇರುವುದು ಎಳೆಯಲ್ಲಿ.

ದುಡ್ಡಿಲ್ಲದ ದಾರಿ

ಚುಕ್ಕಿಯನ್ನು ಎಳೆಯಾಗಿಸಲು ಮೊದಲು ಪ್ರಯತ್ನಿಸಬೇಕಾದದ್ದು ಇಂಕ್‌ಸ್ಕೇಪ್. 2003ರಲ್ಲಿ ಆರಂಭವಾದ ಈ ತಂತ್ರಾಂಶ ಪೂರ್ತಿ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಚಿತ್ರವನ್ನು ಆರಿಸಿ, ‘ಪಾತ್’ ಮೆನುವಿನ ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿದರೆ ಕಪ್ಪು ಭಾಗದ ಅಂಚು ಎಳೆಯಾಗುತ್ತದೆ. ಪೆನ್ಸಿಲ್ ಗೆರೆಯಾದರೆ ಅದರ ಎರಡೂ ಬದಿಗೆ ಎಳೆ ಬಂದು, ಯಂತ್ರ ಎರಡು ಸಲ ಕತ್ತರಿಸುತ್ತದೆ. ಆದ್ದರಿಂದ ಚಿತ್ರವನ್ನು ಮೊದಲೇ ಕಪ್ಪು ಮಸಿಯಿಂದ ತುಂಬಿಬಿಡಿ.

ಮನೆಯಲ್ಲೇ ಯಂತ್ರವಿದ್ದರೆ ಅದರ ಜೊತೆ ಬರುವ ತಂತ್ರಾಂಶವನ್ನೂ ನೋಡಿ. ಕ್ರಿಕಟ್‌ನ ಡಿಸೈನ್ ಸ್ಪೇಸ್ ಎಸ್‌ವಿಜಿ ಕಡತಗಳನ್ನು ಹಣವಿಲ್ಲದೆ ತೆರೆಯುತ್ತದೆ. ಸಿಲುಯೆಟ್ ಸ್ಟುಡಿಯೊದಲ್ಲಿ ಎಸ್‌ವಿಜಿ ತೆರೆಯಲು ಹಣ ಕೊಟ್ಟು ಮೇಲಿನ ಆವೃತ್ತಿ ಕೊಳ್ಳಬೇಕು. ಡಿಎಕ್ಸ್‌ಎಫ್ ಕಡತವಾದರೆ ಉಚಿತ ಆವೃತ್ತಿಗೇ ಸಾಕು. ಇಂಕ್‌ಸ್ಕೇಪ್ ಎರಡೂ ಬಗೆಯಲ್ಲಿ ಉಳಿಸಿಕೊಡುತ್ತದೆ. ಇಷ್ಟು ತಿಳಿದಿದ್ದರೆ ಒಂದು ಖರೀದಿ ಉಳಿದಂತೆಯೇ!

ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್ ಒಳ್ಳೆಯವೇ. ಆದರೆ ಅವು ನಿತ್ಯ ಅದೇ ಕಸುಬು ಮಾಡುವವರಿಗೆ. ಅಗ್ಗಕ್ಕೆ ಸಿಗುವ ಕಳ್ಳ ಪ್ರತಿಯಂತೂ ಬೇಡವೇ ಬೇಡ. ಅದರೊಡನೆ ವೈರಸ್ಸೂ ಮನೆಗೆ ಬಂದೀತು.

‘ಠ’ ಹೇಳುವ ಪಾಠ

ಎಲ್ಲ ತಂತ್ರಾಂಶಗಳೂ ತಾವಾಗಿಯೇ ಮಾಡಿಕೊಡದ ಕೆಲಸವೊಂದಿದೆ. ರಟ್ಟಿನಲ್ಲಿ ‘ಪಾಠಶಾಲೆ’ ಎಂದು ಸ್ಟೆನ್ಸಿಲ್ ಕತ್ತರಿಸಿ ನೋಡಿ. ‘ಠ’ ಅಕ್ಷರದ ಒಳಭಾಗ ಹಿಡಿತವಿಲ್ಲದೆ ಪಟಕ್ಕನೆ ಉದುರುತ್ತದೆ. ಸೊನ್ನೆಯದೂ ಇದೇ ಕಥೆ. ಅಲ್ಲೊಂದು ಸಣ್ಣ ಸೇತುವೆ ಉಳಿಸಬೇಕೆಂದು ಕಣ್ಣೇ ಕಂಡುಕೊಳ್ಳಬೇಕು. ಅಕ್ಷರಗಳನ್ನು ‘ಆಬ್ಜೆಕ್ಟ್ ಟು ಪಾತ್’ ಮೂಲಕ ಎಳೆಯಾಗಿಸಲು ಮರೆಯದಿರಿ. ಇಲ್ಲವಾದರೆ ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ರೂಪಗೆಟ್ಟೀತು.

ಪಾಲಕರೇ, ಕೊಳ್ಳುವ ಮುನ್ನ ಮಗುವಿನದೇ ಒಂದು ಚಿತ್ರವನ್ನು ಉಚಿತ ತಂತ್ರಾಂಶದಲ್ಲಿ ಎಳೆಯಾಗಿಸಿ, ಹಳೆಯ ಹಾಳೆಯ ಮೇಲೆ ಕತ್ತರಿಸಿ ನೋಡಿ. ಅಲ್ಲಿ ನಿಜಕ್ಕೂ ಸಾಲದೆ ಹೋದರೆ ಮಾತ್ರ ಜೇಬಿಗೆ ಕೈ ಹಾಕಿ. ಉಳಿದ ಹಣದಲ್ಲಿ ಮಗಳಿಗೆ ಇನ್ನಷ್ಟು ಬಣ್ಣದ ಹಾಳೆ ಬರಲಿ.