ಕ್ರೀಡಾಪಟುವಿನ ಬದುಕಿಗೆ ವಿಶ್ವಾಸದ ಅಡಿಪಾಯ

ಮೆಲ್ಕಾರ್: ವಿಶ್ವಾಸವಿದ್ದರೆ ಆಟದಲ್ಲಿ ಗೆಲುವು ಖಂಡಿತವೇ? ಇಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಓಟಗಾರರ ಶಿಸ್ತನ್ನು ಆದರ್ಶವಾಗಿ ತೋರಿಸುತ್ತಾರೆ. ಆದರೆ ಅವರು ಗಳಿಸುವ ಕಿರೀಟ ಬಾಡಿಹೋಗುವಂಥದ್ದು ಎಂದೂ ನೆನಪಿಸುತ್ತಾರೆ.

ಕೊಡಗಿನ ಕ್ರಿಕೆಟಿಗ ರಾಬಿನ್ ಉತ್ತಪ್ಪ 2007ರಲ್ಲಿ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. 2011ರಲ್ಲಿ ತಾವು ಕ್ರೈಸ್ತ ವಿಶ್ವಾಸವನ್ನು ಅನುಸರಿಸುತ್ತಿರುವುದಾಗಿ ತಿಳಿಸಿದರು. 2009ರಿಂದ 2011ರವರೆಗೆ ಖಿನ್ನತೆಯಿಂದ ಬಳಲಿ, ಬದುಕು ಮುಗಿಸುವ ಯೋಚನೆಯೂ ಬಂದಿತ್ತೆಂದು 2020ರಲ್ಲಿ ಅವರೇ ಹೇಳಿಕೊಂಡರು. ತಮ್ಮನ್ನು ತಾವು ಅರಿಯಲು ಡೈರಿ ಬರೆದರು, ಇತರರ ನೆರವು ಪಡೆದರು. 2014ರ ಐಪಿಎಲ್‌ನಲ್ಲಿ 660 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು.

ಆ ರನ್‌ಗಳನ್ನು ಪ್ರಾರ್ಥನೆಗೆ ಸಿಕ್ಕ ಸಂಬಳವೆಂದು ಎಣಿಸಬಾರದು. ಅವು ಅಭ್ಯಾಸದ ಫಲ. ದೇವರ ಪ್ರೀತಿ ಸ್ಕೋರನ್ನು ನೋಡಿ ಬರುವುದಿಲ್ಲ, ಸೋತ ದಿನವೂ ಅದು ಕುಗ್ಗುವುದಿಲ್ಲ. ವಿಶ್ವಾಸವು ಕ್ರೀಡಾಪಟುವಿಗೆ ಕೊಡುವ ಅಡಿಪಾಯ ಇದೇ. ಖಿನ್ನತೆ ವಿಶ್ವಾಸದ ಕೊರತೆಯೂ ಅಲ್ಲ; ವೈದ್ಯರ ನೆರವು ಸಹ ದೇವರ ಕೊಡುಗೆಯೇ.

ಹೆತ್ತವರೇ, ಧರ್ಮಕೇಂದ್ರದ ಕಾರ್ಯಕರ್ತರೇ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಿಂದ ಬರಿಗೈಯಲ್ಲಿ ಮರಳಿದ ಮಗುವನ್ನು ಮೊದಲು ಊಟಕ್ಕೆ ಕರೆಯಿರಿ. ಪದಕದ ಮಾತು ಆಮೇಲೆ ಇರಲಿ.