ಬೇರಿನ ಸುಳಿವು ಹಿಡಿದು ಏಳುವ ಬಿಳಿಕಸ

ಕೃಷ್ಣೆ ಮತ್ತು ಘಟಪ್ರಭೆಯರ ನಡುವಿನ ಬೀಳಗಿ ಸೀಮೆಯಲ್ಲಿ ಜೋಳ, ಸಜ್ಜೆ, ಕಬ್ಬು ಬೆಳೆಯುವ ರೈತಬಾಂಧವರು ಬಿಳಿಕಸದ ಮೇಲೆ ಕಣ್ಣಿಡಬೇಕು. ಗೇಣುದ್ದದ ಗಿಡ, ಕಿರಿದಾದ ಒರಟು ಎಲೆ, ಪುಟ್ಟ ಬಿಳಿ ಹೂವು, ನೋಡಲು ಬಡಪಾಯಿ. ಶಾಸ್ತ್ರಜ್ಞರು ಇದಕ್ಕೆ ಸ್ಟ್ರೈಗಾ ಎನ್ನುತ್ತಾರೆ. ಕಾಂಗ್ರೆಸ್ ಕಸದಂತೆ ಹೊರದೇಶದಿಂದ ಬಂದದ್ದಲ್ಲ. ನಮ್ಮ ನೆಲದ್ದೇ ಸಸ್ಯ, ಒಂದೇ ವರ್ಷದ ಬಾಳು.

ಬೀಜದ ಆಯುಷ್ಯ ಮಾತ್ರ ಹಾಗಲ್ಲ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಧೂಳಿನಷ್ಟು ಸಣ್ಣ ಆ ಬೀಜ ಮಣ್ಣಿನಲ್ಲಿ ಹತ್ತು ವರ್ಷವಾದರೂ ಜೀವ ಹಿಡಿದಿರಬಲ್ಲದು. ಮಳೆಯಾದ ಮಾತ್ರಕ್ಕೆ ಅದು ಮೊಳೆಯುವುದಿಲ್ಲ. ಒಂದೆರಡು ವಾರ ಹಸಿಯಲ್ಲಿ ನೆನೆದು ಕಾಯುತ್ತದೆ. ಬೆಳೆಯ ಬೇರು ಕೆಲವೇ ಮಿಲಿಮೀಟರ್ ಹತ್ತಿರ ಬಂದು, ಅದರಿಂದ ಒಸರುವ ರಸ ತಾಗಿದಾಗಲೇ ಮೊಳಕೆ. ಬೀಜದೊಳಗಿನ ಆಹಾರ ಕೆಲವು ದಿನಕ್ಕಷ್ಟೇ ಸಾಲುತ್ತದೆ. ಅಷ್ಟರಲ್ಲಿ ಬೇರು ಸಿಗದಿದ್ದರೆ ಸತ್ತಂತೆಯೇ. ಸಿಕ್ಕರೋ, ಬೇರನ್ನು ಕಚ್ಚಿ ನೀರು, ಸತ್ವ ಹೀರುತ್ತ ತಿಂಗಳ ಮಟ್ಟಿಗೆ ನೆಲದೊಳಗೇ ಅಡಗಿರುತ್ತದೆ. ಗಿಡ ಮೇಲೆ ಕಾಣುವ ಹೊತ್ತಿಗೆ ಬಹುಪಾಲು ಹಾನಿ ಆಗಿಹೋಗಿರುತ್ತದೆ. ಆದ್ದರಿಂದ ಹಸಿ ಇದ್ದೂ ಜೋಳ ಬಾಡಿದಂತೆ ಕಂಡರೆ ಒಂದೆರಡು ಬುಡ ಅಗೆದು ನೋಡುವುದು ಒಳ್ಳೆಯದು.

ಜೋಳವಾದರೂ ತನ್ನ ವೈರಿಯನ್ನು ತಾನೇ ಏಕೆ ಕರೆಯಬೇಕು? ಅದು ಕರೆಯುವುದು ಕಸವನ್ನಲ್ಲ. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ, ರಂಜಕ ತಂದುಕೊಡುವ ಶಿಲೀಂಧ್ರಗಳನ್ನು ಕರೆಯಲೆಂದು ಬೇರು ಈ ರಸ ಬಿಡುತ್ತದೆ. ಈ ಸಂಗತಿ ತಿಳಿದದ್ದು 2005ರಲ್ಲಿ. ನೆಂಟರಿಗೆ ಹೋದ ಕರೆಯನ್ನು ಕಳ್ಳ ಕೇಳಿಸಿಕೊಂಡಂತೆ! ಸಾರ ಕಳೆದುಕೊಂಡ ಹಗುರ ಮಸಾರಿ ನೆಲದಲ್ಲಿ ಬಿಳಿಕಸದ ಕಾಟ ಹೆಚ್ಚು. ತಿಪ್ಪೆಗೊಬ್ಬರ, ಸಾರಜನಕ ಸಾಕಷ್ಟು ಬಿದ್ದ ಹೊಲದಲ್ಲಿ ಕಡಿಮೆ.

ಇನ್ನು ಹತ್ತಿಯ ಮಾತು. ಬಿಳಿಕಸವನ್ನು ಎಬ್ಬಿಸುವ ವಸ್ತುವನ್ನು 1966ರಲ್ಲಿ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನ ರಸದಿಂದ. ಆದರೆ ಹತ್ತಿಯ ಬೇರಿನಲ್ಲಿ ನೆಲೆಯೂರಲು ಈ ಕಸಕ್ಕೆ ಆಗದು. ಮೊಳೆತ ಬೀಜ ಹಸಿದು ಸಾಯುತ್ತದೆ. ಅಲಸಂದಿ, ಸೂರ್ಯಕಾಂತಿಗಳೂ ಹೀಗೆಯೇ ಉಪಯೋಗಕ್ಕೆ ಬರುತ್ತವೆ. ಜೋಳದ ಮೇಲೆ ಜೋಳ ಬಿತ್ತುವ ಬದಲು ಇವುಗಳನ್ನು ಸರದಿಯಲ್ಲಿ ಬೆಳೆದರೆ ಮಣ್ಣಿನೊಳಗಿನ ಬೀಜ ಕರಗುತ್ತ ಬರುತ್ತದೆ. ಒಂದೇ ವರ್ಷಕ್ಕೆ ತೀರುವ ಕೆಲಸವಲ್ಲ, ಏಕೆಂದರೆ ಬೇರು ತಲುಪದ ಬೀಜ ಹಾಗೆಯೇ ಉಳಿದಿರುತ್ತದೆ.

ಮೇಲೆದ್ದ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಕಾಯಿ ಕಟ್ಟಿದ್ದನ್ನು ಬದುವಿಗೆ ಒಗೆದರೆ ಗಾಳಿ, ಮಳೆನೀರು ಅದನ್ನು ಮತ್ತೆ ಹೊಲಕ್ಕೆ ತರುತ್ತವೆ. ಎತ್ತಿಗೆ ಹಾಕಿದರೆ ಸಗಣಿಯಲ್ಲೂ ಬೀಜ ಬದುಕಿ ತಿಪ್ಪೆ ಸೇರಬಹುದು. ಒಣಗಿಸಿ ಸುಡುವುದೇ ಸರಿ. ಕಸವಿದ್ದ ಹೊಲದಿಂದ ಕುಂಟೆ ಹೊರಡುವಾಗ ಅದಕ್ಕಂಟಿದ ಮಣ್ಣನ್ನು ಅಲ್ಲೇ ಕೆರೆದುಬಿಡಿ.